ಮಧ್ಯಾಹ್ನದ ಕಾವಲು

ಆಗಸ್ಟ್ 5, ಮಂಗಳವಾರ

ನಿದ್ದೆಯೇನೂ ಬರುವುದಿಲ್ಲವೆಂದಲ್ಲ, ಬೇಡದ ಹೊತ್ತಿನಲ್ಲಿ ಬರುತ್ತದೆ. ಒಲೆಯ ಮೇಲೆ ಹಾಲಿಟ್ಟಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ. ಹಾಸಿಗೆಗೆ ಬೆನ್ನು ತಾಗಿದೊಡನೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. "ತಲೇಲಿರೋದನ್ನ ಬರೆದು ಹಾಕಮ್ಮ, ಸ್ವಲ್ಪ ಖಾಲಿಯಾಗುತ್ತೆ" ಎಂದಳು ತೂಕ ಹಾಕುವ ನರ್ಸಮ್ಮ. ಅದಕ್ಕೇ ಇದು.

ಮಗುವಿನ ತೂಕ ಏರಿಲ್ಲ. ನರ್ಸಮ್ಮ ತಕ್ಕಡಿಯ ಮುಳ್ಳನ್ನು ಬೆರಳಿಂದ ತಟ್ಟಿ ನೋಡಿದಳು, ತಪ್ಪು ಅದರದೇ ಇರಬಹುದು ಎನ್ನುವ ಹಾಗೆ.

"ಇದನ್ನ ಮೂರು ತಿಂಗಳ ಕೂಸು ಅಂತ ಯಾರು ಹೇಳ್ತಾರೆ? ಬಾಯಿಗೆ ಹಾಲು ಹಾಕ್ತಿದ್ದೀಯೋ, ಬರೀ ತೋರಿಸಿ ವಾಪಸ್ ಇಡ್ತಿದ್ದೀಯೋ?" ಎಂದಳು. ಪಕ್ಕದಲ್ಲಿದ್ದ ಹೆಂಗಸರು ನಕ್ಕರು. "ನಗೋ ಮಾತಲ್ಲ ಇದು. ಮುಂದಿನ ತಿಂಗಳೂ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸಲೇಬೇಕು. ತಾರೀಖು ಬರೆದುಕೊಡ್ಲಾ?"

"ಬೇಡ, ಆಮೇಲೆ ನೋಡ್ತೀನಿ" ಎಂದೆ.

ಮುಂದಿನ ತಿಂಗಳಂತೆ! ಅಷ್ಟರಲ್ಲಿ ಕರ್ತನೇ ಬಂದಿರುತ್ತಾನೆ. ಬರುವ ದಾರಿಯಲ್ಲಿ ಅಂಗಡಿಯವನು ಹಾಲಿನ ಪುಡಿಯ ದೊಡ್ಡ ಡಬ್ಬಿ ತೆಗೆದ. ಸಣ್ಣದೇ ಸಾಕು ಎಂದೆ.

ಒಂದೇ ಹಾಸಿಗೆಯಲ್ಲಿ ಇಬ್ಬರಿರುವರು, ಒಬ್ಬರನ್ನು ಒಯ್ಯುವನು, ಒಬ್ಬರನ್ನು ಬಿಡುವನು ಎಂದು ಪಾಸ್ಟರ್ ಹೋದ ಭಾನುವಾರ ಬೋಧಿಸಿದರು. ಸಭೆಯಲ್ಲಿದ್ದವರೆಲ್ಲ ತಮ್ಮ ಪಕ್ಕದಲ್ಲಿ ಮಲಗುವವರನ್ನು ನೆನೆದಿರಬೇಕು. ನಾನು ನನ್ನ ಹೊಟ್ಟೆಯನ್ನು ನೆನೆದೆ. ಅಲ್ಲಿಯೂ ಇಬ್ಬರಿದ್ದರು. ಅವನನ್ನು ಒಯ್ದ, ಒಂದು ಸಲ ಅಳುವುದಕ್ಕೂ ಬಿಡದೆ. ಇದನ್ನು ಬಿಟ್ಟ.

ಆಗಸ್ಟ್ 8, ಶುಕ್ರವಾರ

ಸಭೆಯಲ್ಲಿ ಹೊಸ ಏರ್ಪಾಡು. ಲೋಕದಲ್ಲಿ ಗುರುತುಗಳು ಒಂದರ ಮೇಲೊಂದು ಕಾಣಿಸಿಕೊಳ್ಳುತ್ತಿವೆ, ಕರ್ತನು ಬರುವ ಗಳಿಗೆಯಲ್ಲಿ ನಾವೆಲ್ಲ ಒಟ್ಟಿಗೆ ಗೊರಕೆ ಹೊಡೆಯುತ್ತಿರಬಾರದು ಎಂದರು ಪಾಸ್ಟರ್. ಮನೆಗೊಂದು ಗಂಟೆಯಂತೆ ಕಾವಲು. ಆ ಗಂಟೆಯಲ್ಲಿ ಎಚ್ಚರವಿದ್ದು ಪ್ರಾರ್ಥಿಸಬೇಕು, ಬೀದಿ ಬಾಗಿಲಿನ ಚಿಲಕ ತೆಗೆದಿಡಬೇಕು, ಬರುವವನು ತಟ್ಟಿ ನಿಲ್ಲಬಾರದು. ಗಂಟೆ ಮುಗಿದೊಡನೆ ಮುಂದಿನ ಮನೆಗೆ ಫೋನ್ ಮಾಡಿ "ಎಚ್ಚರವಾಗಿದ್ದೀರಾ?" ಎಂದು ಕೇಳಬೇಕು. "ಎಚ್ಚರವಾಗಿದ್ದೇನೆ" ಎಂಬ ಉತ್ತರ ಬಂದರೆ ಕಾವಲು ಅವರದಾಯಿತು. ಹಗಲೂ ರಾತ್ರಿ ಹೀಗೆ ಸರಪಳಿ.

ನಮಗೆ ಮಧ್ಯಾಹ್ನ ಎರಡರಿಂದ ಮೂರು. ಇವರು ಕೆಲಸಕ್ಕೆ ಹೋಗಿರುತ್ತಾರೆ, ಆದ್ದರಿಂದ ನನಗೆ. ನನ್ನ ನಂತರ ಬಟನ್ ಅಜ್ಜಿ. ನಾಲ್ಕು ಮನೆ ಆಚೆ, ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಅಂಗಡಿಯವರು ಹೊಲಿದ ಬಟ್ಟೆಗಳಿಗೆ ಕಾಜಾ ತೆಗೆದು ಗುಂಡಿ ಹಚ್ಚುವುದು ಅವಳ ಕೆಲಸ. ಅವಳನ್ನು ಬೇರೆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ.

"ನಿಂಗೇನು ಬಿಡು, ಹೇಗೂ ನಿದ್ದೆ ಮಾಡಲ್ಲ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದೀಯ" ಎಂದರು ಇವರು. ಇವರದು ಲಿಫ್ಟ್ ರಿಪೇರಿ. "ನಾನು ದಿನಾ ಮೇಲೆ ಹೋಗಿ ಬರೋನೇ. ಒಂದಿನ ಹೋದವನು ಇಳೀಲಿಲ್ಲ ಅಂದ್ರೆ ತಿಳ್ಕೋ, ಕರ್ತ ಬಂದ ಅಂತ." ಮೊದಲು ಈ ಮಾತಿಗೆ ನಗುತ್ತಿದ್ದೆ.

ಬಾಗಿಲ ಪಕ್ಕ ಮೊಳೆಗೆ ಒಂದು ಬಟ್ಟೆ ಚೀಲ ತೂಗುಹಾಕಿದ್ದೇನೆ. ಬರಿಗೈಯಲ್ಲೇ ಹೋಗಬೇಕೆಂದು ಗೊತ್ತು, ಆದರೂ ಚೀಲದಲ್ಲಿ ಅವನ ಅಂಗಿ ಇದೆ. ನನಗೆ ಏಳು ತಿಂಗಳಾಗಿದ್ದಾಗಲೇ ಬಟನ್ ಅಜ್ಜಿ ಎರಡು ಬಿಳಿ ಅಂಗಿ ಹೊಲಿದು ತಂದಿದ್ದಳು. ಒಂದರ ಕಾಜಾಕ್ಕೆ ಹಳದಿ ದಾರ, ಇನ್ನೊಂದರದಕ್ಕೆ ನೀಲಿ. ಚೀಲದಲ್ಲಿರುವುದು ನೀಲಿಯದು. ಕೂಸು ಹುಟ್ಟುವ ಮುಂಚೆ ಕುಲಾವಿಯೇ ಎಂದು ಎಲ್ಲರೂ ಅವಳನ್ನು ಆಡಿಕೊಂಡರು. ಒಂದು ಕೂಸಿಗೆ ಗಾದೆ ಸುಳ್ಳಾಯಿತು, ಒಂದಕ್ಕೆ ನಿಜವಾಯಿತು. ಅವನನ್ನು ಆಸ್ಪತ್ರೆಯ ಬಟ್ಟೆಯಲ್ಲೇ ಸುತ್ತಿ ಮಣ್ಣು ಮಾಡಿದರು. ನಾನು ಎದ್ದು ಕೂರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿ ಅವನಿಗೆ ಚಳಿಯಾಗುವುದಿಲ್ಲ ಎನ್ನುತ್ತಾರೆ ಇವರು. ಗೊತ್ತು. ಬಿಳಿಯ ನಿಲುವಂಗಿ ಕೊಡುತ್ತಾರೆಂದೂ ಗೊತ್ತು. ಅಷ್ಟು ಸಣ್ಣ ಅಳತೆಯದು ಇಟ್ಟಿರುತ್ತಾರೆಯೇ?

ಆಗಸ್ಟ್ 10, ಭಾನುವಾರ

ಸಭೆ ಕೂಡುವುದು ಟೈರ್ ಅಂಗಡಿಯ ಮಹಡಿಯ ಮೇಲೆ. ಹಾಡುವಾಗ ಉಸಿರೆಳೆದರೆ ರಬ್ಬರಿನ ವಾಸನೆ. ಇವತ್ತು ಪಾಸ್ಟರ್ ಕಡೆಯ ದಿನಗಳ ಸಂಕಟವನ್ನು ವಿವರಿಸಿದರು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಅಯ್ಯೋ ಎಂಬ ಮಾತು ಬಂದಾಗ ನನ್ನ ಕಡೆ ನೋಡಬಾರದೆಂದು ಕಷ್ಟಪಟ್ಟು ಗೋಡೆ ನೋಡಿದರು. ಒಳ್ಳೆಯ ಮನುಷ್ಯ. ಆದರೆ ಸಭೆಯ ಉಳಿದ ಹೆಂಗಸರೆಲ್ಲ ನೋಡಿದರು.

ನನಗೆ ಹಾಲೇ ಇಲ್ಲ. ಆ ಅಯ್ಯೋ ನನಗೆ ಸೇರುತ್ತದೋ ಇಲ್ಲವೋ.

ಮದುವೆಗೆ ಮುಂಚೆ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೆ. ಕೊಳವೆಯಲ್ಲಿ ಹಾಲು ಹಾಕಿ, ನೀಲಿ ಬಣ್ಣ ಬೆರೆಸಿ, ಬೆಚ್ಚಗಿನ ನೀರಿನಲ್ಲಿಟ್ಟು ಕಾಯಬೇಕು. ಕೆಟ್ಟ ಹಾಲಾದರೆ ನೀಲಿ ಬೇಗ ಹೋಗಿಬಿಡುತ್ತದೆ. ಒಳ್ಳೆಯ ಹಾಲು ಎಷ್ಟೋ ಹೊತ್ತು ನೀಲಿಯಾಗಿಯೇ ಇರುತ್ತದೆ. ಎಷ್ಟು ಹೊತ್ತು ಕಾಯಬೇಕಾಗುತ್ತದೋ ಅಷ್ಟು ಗುಣ ಹೆಚ್ಚು ಎಂದು ನಮ್ಮ ಮೇಲಿನವರು ಹೇಳುತ್ತಿದ್ದರು. ಕರ್ತನೂ ನಮ್ಮನ್ನು ಹಾಗೆ ಕೊಳವೆಯಲ್ಲಿಟ್ಟಿದ್ದಾನೆಯೇ? ಹಾಗಾದರೆ ನನ್ನ ಬಣ್ಣ ಎಂದೋ ಹೋಗಿದೆ.

ಆಗಸ್ಟ್ 14, ಗುರುವಾರ

ಕಾವಲು ಆಯಿತು. ಆತ ಬರಲಿಲ್ಲ. ಮಗು ಅತ್ತಿತು. ಕಾವಲಿನಲ್ಲಿದ್ದೇನೆಂದು ಗಂಟೆ ಮುಗಿಯುವವರೆಗೆ ಎತ್ತಿಕೊಳ್ಳಲಿಲ್ಲ.

ಆಗಸ್ಟ್ 19, ಮಂಗಳವಾರ

ಬಟನ್ ಅಜ್ಜಿ ಬಂದಿದ್ದಳು. ಮಂಡಿ ನೋವು, ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ. ಬಂದವಳೇ ತೊಟ್ಟಿಲಿಗೆ ಬಗ್ಗಿದಳು.

"ಏನೇ ಚಿಗಟೆ, ಇಷ್ಟೇನಾ ನೀನು? ನಮ್ಮ ಅಂಗಡಿ ಗುಂಡಿ ಡಬ್ಬೀಲಿ ಇಟ್ರೂ ಕಾಣಲ್ವಲ್ಲೇ!"

"ಮುಂದಿನ ತಿಂಗಳು ಆಸ್ಪತ್ರೆಗೆ ಸೇರಿಸ್ಬೇಕಂತೆ ಅಜ್ಜಿ" ಎಂದೆ. "ಅಷ್ಟು ದಿನ ಎಲ್ಲಿರುತ್ತೆ ಈ ಲೋಕ?"

"ಇರ್ಲಿ, ಹೋಗ್ಲಿ. ಇವತ್ತು ಇದಕ್ಕೆ ಹಾಲು ಕೊಟ್ಟೆಯಾ?"

ಆಮೇಲೆ ಎಂದೆ. ಅವಳೇ ಬಾಟಲಿ ತೊಳೆದು ಕುಡಿಸಿದಳು. ನಾನು ಕೇಳಿದೆ, ಇಷ್ಟು ವರ್ಷ ಕಾದಿದ್ದೀಯಲ್ಲ ಅಜ್ಜಿ, ನಿನಗೆ ಭಯವಾಗುವುದಿಲ್ಲವೇ, ನಿನ್ನನ್ನು ಬಿಟ್ಟುಹೋದರೆ?

"ನನ್ನನ್ನಾ? ಪಾಸ್ಟರು ಹುಟ್ಟೋಕೆ ಮುಂಚಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತೋಳು ನಾನು. ಗಂಡ ಸತ್ತಾಗ್ಲೂ ಅಳದೆ ಕಾದೆ, ಇನ್ನೇನು ಬಂದೇಬಿಡ್ತಾನೆ, ಅಳೋದ್ಯಾಕೆ ಅಂತ. ನನ್ನ ಬಿಟ್ಟು ಹೋಗ್ಲಿ ನೋಡೋಣ, ಚಪ್ಪಲಿ ಹಾಕ್ಕೊಂಡು ಹಿಂದೇನೇ ಓಡ್ತೀನಿ."

ನಾನು ನಗಲಿಲ್ಲವೆಂದು ಕೆನ್ನೆ ಹಿಂಡಿದಳು. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ.

ಶನಿವಾರ ಸಭೆಯ ಹುಡುಗಿಯೊಬ್ಬಳ ಮದುವೆ, ಬೇರೆ ಊರಿನಲ್ಲಿ. ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಉಳಿಯುವವರು ನಾವಿಬ್ಬರೇ, ಮಂಡಿಯಿಂದಾಗಿ ಅವಳು, ಮಗುವಿನಿಂದಾಗಿ ನಾನು. ಆವತ್ತು ಎರಡರಿಂದ ಮೂರು ನನ್ನ ಕಾವಲು, ಮೂರರಿಂದ ಅವರು ಹಿಂತಿರುಗುವವರೆಗೆ ಅಜ್ಜಿಯದು.

ಆಗಸ್ಟ್ 23, ಶನಿವಾರ

ಏನಾಯಿತೆಂದು ನನಗೆ ನಾನೇ ಕ್ರಮವಾಗಿ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ತಲೆ ಕೆಟ್ಟೇಹೋಗುತ್ತದೆ.

ಎರಡಕ್ಕೆ ಮದುವೆಮನೆಯಿಂದ ಇವರು ಫೋನ್ ಮಾಡಿದರು. ಹಿಂದೆ ಗದ್ದಲ.

"ಎಚ್ಚರವಾಗಿದ್ದೀಯಾ?"

"ಇದ್ದೀನಿ."

"ಸರಿಯಾಗಿ ಹೇಳು."

"ಎಚ್ಚರವಾಗಿದ್ದೇನೆ."

"ಇನ್ನು ಸಿಗಲ್ಲ ನಾನು. ಆರಾಧನೆ ಶುರುವಾಗುತ್ತೆ, ಪಾಸ್ಟರು ಎಲ್ಲರ ಫೋನೂ ಆಫ್ ಮಾಡಿಸ್ತಿದ್ದಾರೆ."

ಚಿಲಕ ತೆಗೆದಿಟ್ಟೆ. ಮೊಣಕಾಲೂರಿದೆ. ಸೆಖೆ. ಮಗು ತೊಟ್ಟಿಲಲ್ಲಿ ಮಲಗಿತ್ತು. ಮಂಚಕ್ಕೂ ಗೋಡೆಗೂ ನಡುವಿನ ನೆಲ ತಣ್ಣಗಿರುತ್ತದೆ, ಅಲ್ಲಿ ಕುಳಿತು ಪ್ರಾರ್ಥಿಸೋಣವೆಂದು ಹೋದದ್ದು ನೆನಪಿದೆ. ಫೋನ್ ಚಾರ್ಜಿಗೆ ಹಾಕಿದ್ದೆ. ಗೋಡೆಯ ಸ್ವಿಚ್ ಹಾಕಿರಲಿಲ್ಲ, ಫೋನ್ ಸತ್ತುಹೋಗಿತ್ತು ಎನ್ನುವುದು ಆಮೇಲೆ ತಿಳಿಯಿತು.

ಅಷ್ಟೇ. ಇಷ್ಟು ತಿಂಗಳು ಕಾಡಿಸಿದ ನಿದ್ದೆ ಇವತ್ತು, ಆ ಗಂಟೆಯಲ್ಲಿ, ಬಾವಿಗೆ ಕಲ್ಲು ಬಿದ್ದ ಹಾಗೆ ಬಂತು.

ಇನ್ನು ಮುಂದಿನದು ಬಟನ್ ಅಜ್ಜಿ ಹೇಳಿದ್ದು. ಮೂರು ಹೊಡೆಯಿತು, ನನ್ನ ಫೋನ್ ಹೋಗಲಿಲ್ಲ. ಕಾದಳು. ಅವಳೇ ಮಾಡಿದಳು, ಉತ್ತರವಿಲ್ಲ. ಇವರಿಗೆ ಮಾಡಿದಳು, ಇಲ್ಲ. ಪಾಸ್ಟರಿಗೆ, ಇಲ್ಲ. ಹಿರಿಯರಿಗೆ, ಹಾಡುವವರಿಗೆ, ಟೈರ್ ಅಂಗಡಿ ಮಹಡಿಯ ಕಸ ಗುಡಿಸುವವಳಿಗೆ. ಸಭೆಯಲ್ಲಿ ಒಬ್ಬರೂ ಇಲ್ಲ. ಮದುವೆ ಎಂಬುದು ಅವಳ ನೆನಪಿನಿಂದಲೇ ಅಳಿಸಿಹೋಗಿತ್ತಂತೆ.

"ಅಷ್ಟೇ ಅಂದ್ಕೊಂಡೆ ಮಗಳೇ. ಬಂದುಬಿಟ್ಟ, ಎಲ್ಲರನ್ನೂ ಕರ್ಕೊಂಡು ಹೋದ. ನನ್ನೊಬ್ಬಳನ್ನ ಬಿಟ್ಟ. ಬೀದಿಗೆ ಬಂದು ನೋಡಿದ್ರೆ ಜನ ಓಡಾಡ್ತಿದ್ದಾರೆ. ಆ ಒಲೆ ರಿಪೇರಿಯವನು ಕುಡ್ಕೊಂಡು ಗೋಡೆ ಹಿಡ್ಕೊಂಡು ಹೋಗ್ತಿದ್ದ. ಅವನನ್ನ ನೋಡಿದ ಮೇಲಂತೂ ಖಾತ್ರಿಯಾಯ್ತು. ಇವನನ್ನ ಬಿಟ್ಟಿರೋದು ಸರೀನೇ, ಇವನ ಜೊತೆ ನನ್ನನ್ನ ಯಾಕೆ ಬಿಟ್ಟ ಅಂತ."

ಮಂಡಿ ಮರೆತು ನಮ್ಮ ಮನೆಗೆ ಬಂದಿದ್ದಾಳೆ. ಬಾಗಿಲು ತೆರೆದಿದೆ. ಹೊಸ್ತಿಲಲ್ಲಿ ನನ್ನ ಚಪ್ಪಲಿ, ಕುರ್ಚಿಯ ಮೇಲೆ ಬೆಳಿಗ್ಗೆ ಬಿಚ್ಚಿಹಾಕಿದ್ದ ನೈಟಿ. ನಾನಿಲ್ಲ. ಮಂಚದಾಚೆ ನೋಡುವ ಯೋಚನೆ ಯಾರಿಗೆ ಬರುತ್ತದೆ? ತೊಟ್ಟಿಲಲ್ಲಿ ಮಗು ಒದ್ದೆ ಮಾಡಿಕೊಂಡು, ಅತ್ತೂ ಅತ್ತೂ ಗಂಟಲು ಕಟ್ಟಿ, ಬಾಯಿ ಮಾತ್ರ ತೆರೆಯುತ್ತಿತ್ತಂತೆ.

ನನಗೆ ಎಚ್ಚರವಾದದ್ದು ಒಂದು ಹಾಡಿನ ಗುನುಗಿನಿಂದ. ಎಲ್ಲಿದ್ದೇನೆಂದು ಗೊತ್ತಾಗಲಿಲ್ಲ. ಮಂಚದ ಅಂಚಿನ ಮೇಲಿನಿಂದ ತಲೆಯೆತ್ತಿದೆ. ಕಿಟಕಿಯ ಬಿಸಿಲೆಲ್ಲ ಒಳಗೆ ಬಂದಿತ್ತು. ಬಿಸಿಲಲ್ಲಿ ಯಾರೋ ಬೆನ್ನು ತಿರುಗಿಸಿ ನಿಂತಿದ್ದರು, ನರೆತ ಕೂದಲೆಲ್ಲ ಬೆಳಕು. ಅವರ ಹೆಗಲ ಮೇಲೊಂದು ಕೂಸು. ಕೂಸಿನ ಮೈಮೇಲೆ ಬಿಳಿ ಅಂಗಿ, ಬೆನ್ನ ಮೇಲೆ ನೀಲಿ ದಾರದ ಕಾಜಾ.

ಬಂದುಬಿಟ್ಟಿದ್ದೇನೆ ಎಂದುಕೊಂಡೆ. ಆತ ಬಂದ, ನನ್ನನ್ನೂ ಒಯ್ದ, ಇಗೋ ನನ್ನ ಮಗ. ಅಂಗಿ ಅವನಿಗೆ ಸರಿಯಾಗಿದೆ. ಆ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ. ಕೈ ಚಾಚಿದೆ.

ಕೂಸು ಈ ಕಡೆ ಮುಖ ತಿರುಗಿಸಿತು.

ಅವನಲ್ಲ. ಇದು.

ನನ್ನ ಗಂಟಲಿನಿಂದ ಹೊರಟ ಸದ್ದಿಗೆ ಅಜ್ಜಿ ಕಿರುಚಿ, ಮಗುವನ್ನು ಎದೆಗವಚಿಕೊಂಡು ಗೋಡೆಗೊರಗಿದಳು. "ನೀನಿಲ್ಲೇ ಇದ್ದೀಯಾ? ನಿನ್ನನ್ನೂ ಬಿಟ್ನಾ?" ಎಂದಳು. ಆಮೇಲೆ ಇಬ್ಬರಿಗೂ ಮದುವೆ ನೆನಪಾಯಿತು. ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ, ನಗುನಗುತ್ತಲೇ ಅತ್ತಳು. ಒಣಗಿದ ಬಟ್ಟೆ ಒಂದೂ ಸಿಗಲಿಲ್ಲವಂತೆ, ಬಾಗಿಲ ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದಳಂತೆ.

ಅವಳು ಅಳುತ್ತಿದ್ದರೂ ನಾನು ಮಗುವನ್ನೇ ನೋಡುತ್ತಿದ್ದೆ. ಅದೂ ನನ್ನನ್ನೇ ನೋಡುತ್ತಿತ್ತು. ನನ್ನ ಮುಖದಲ್ಲಿ ಆ ಗಳಿಗೆ ಏನಿತ್ತೆಂದು ಅದಕ್ಕೆ ಗೊತ್ತು. ತನ್ನ ಮುಖ ನೋಡಿ ತಾಯಿಗೆ ನಿರಾಶೆಯಾಯಿತೆಂದು ತಿಳಿಯುವುದಕ್ಕೆ ಎಷ್ಟು ತಿಂಗಳಾಗಿರಬೇಕು?

ಆಗಸ್ಟ್ 24, ಭಾನುವಾರ

"ಒಂದು ಗಂಟೆ. ಒಂದೇ ಒಂದು ಗಂಟೆ ಎಚ್ಚರವಾಗಿರೋಕಾಗಲಿಲ್ವಾ?" ಎಂದು ಇವರು ರಾತ್ರಿಯೆಲ್ಲ ಕೇಳಲಿಲ್ಲ. ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಕೇಳಿದರು. ಕೋಪವಿರಲಿಲ್ಲ. ಸೋತ ದನಿ, ಅದೇ ಕಷ್ಟವಾಯಿತು.

ಸಭೆಯಲ್ಲಿ ಪಾಸ್ಟರ್ ಹೆಸರೆತ್ತಲಿಲ್ಲ. ಸರಪಳಿಯ ಬಲ ಅದರ ಸಡಿಲ ಕೊಂಡಿಯಷ್ಟೇ ಎಂದರು. ಮುಗಿದ ಮೇಲೆ ಹತ್ತಿರ ಬಂದರು. "ತಂಗೀ, ಬೇಜಾರು ಮಾಡ್ಕೋಬೇಡಮ್ಮ. ಹಾಲೂಡಿಸೋ ತಾಯಂದಿರನ್ನ ಕಾವಲಿಂದ ಬಿಟ್ಟುಬಿಡೋಣ ಅಂತ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ನಿನ್ನ ಒಳ್ಳೇದಕ್ಕೇ."

ಹಾಲೂಡಿಸುವ ತಾಯಿ ನಮ್ಮ ಸಭೆಯಲ್ಲಿ ನಾನೊಬ್ಬಳೇ.

ಆಗಸ್ಟ್ 29, ಶುಕ್ರವಾರ

ಬಿಡಲ್ಪಟ್ಟವಳು ಎಂದರೆ ಇದೇ ಇರಬೇಕು. ತುತ್ತೂರಿಯಿಲ್ಲ, ಮಿಂಚಿಲ್ಲ. ಮಧ್ಯಾಹ್ನ ಎರಡಕ್ಕೆ ಫೋನ್ ಬರುವುದಿಲ್ಲ, ಅಷ್ಟೇ. ಎಚ್ಚರವಾಗಿದ್ದೀಯಾ ಎಂದು ಕೇಳುವವರಿಲ್ಲ. ಈ ಬೀದಿಯಲ್ಲಿ ನನ್ನಷ್ಟು ಎಚ್ಚರವಾಗಿರುವವರು ಇನ್ಯಾರಿದ್ದಾರೆ?

ಅಂಗಿ ಒಗೆದು ಚೀಲಕ್ಕೆ ಹಾಕಿದೆ. ಆದರೂ ಹುಳಿ ಹಾಲಿನ ವಾಸನೆ. ಅವನದು ಎನ್ನಲು ಅದರಲ್ಲಿ ಇನ್ನೇನೂ ಇಲ್ಲ. ಮೊದಲೂ ಇರಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಈಗ ದಿನಾ ಎರಡಕ್ಕೆ ಬಟನ್ ಅಜ್ಜಿಯೇ ಬರುತ್ತಾಳೆ. ಬೇಡವೆಂದರೂ ಕೇಳುವುದಿಲ್ಲ. ಅಂಗಡಿಯ ಅಂಗಿಗಳ ಗಂಟು ತಂದು ಕೂತು ಗುಂಡಿ ಹಚ್ಚುತ್ತಾಳೆ, ನಾನು ಹಾಲು ಕುಡಿಸುವುದನ್ನು ಕಣ್ಣಂಚಿನಲ್ಲಿ ನೋಡುತ್ತಾಳೆ. ಬಾಟಲಿ ಕೆಳಗಿಟ್ಟರೆ "ಇನ್ನೂ ಇದೆ ಅದರಲ್ಲಿ" ಎನ್ನುತ್ತಾಳೆ. ಮೂರಕ್ಕೆ ಅವಳ ಫೋನ್ ಇಲ್ಲಿಯೇ ಬಡಿದುಕೊಳ್ಳುತ್ತದೆ. ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, "ಎಚ್ಚರವಾಗಿದ್ದೇನೆ" ಎಂದು ಹೇಳಿ ಮತ್ತೆ ಸೂಜಿ ಹಿಡಿಯುತ್ತಾಳೆ.

ಇವತ್ತು ಮಾತಿನ ನಡುವೆ ಹೇಳಿದಳು. "ಆವತ್ತು ನಂಗೆ ಭಯ ಆಗಲಿಲ್ಲ ಕಣೇ. ಕೋಪ ಬಂತು. ಇಷ್ಟು ವರ್ಷ ನಿನ್ನ ದಾರಿ ನೋಡಿದ್ದಕ್ಕೆ ಇದಾ ಕೂಲಿ ಅಂತ ನಡು ಬೀದೀಲಿ ಕೇಳಿದೆ. ಒಲೆ ರಿಪೇರಿಯವನು ತನಗೇ ಅಂದುಕೊಂಡು 'ತಪ್ಪಾಯ್ತಮ್ಮಾ' ಅಂದ."

ನನಗೆ ನಗು ಬಂತು. ಬಾಯಿಗೆ ಅಭ್ಯಾಸ ತಪ್ಪಿದೆ, ಕೆಮ್ಮಿನಂತೆ ಬಂತು.

"ಆಮೇಲೆ?"

"ಆಮೇಲೇನು. ಒಳಗೆ ಬಂದ್ರೆ ಇವಳು. ಓಹೋ, ತಾಯಿಯನ್ನ ಕರ್ಕೊಂಡು ಹೋಗಿ ಇದನ್ನ ಮರೆತಿದ್ದಾನೆ ಮಹಾರಾಯ, ಅದಕ್ಕೇ ನನ್ನನ್ನ ಇಟ್ಟಿದ್ದಾನೆ ಅಂದುಕೊಂಡೆ. ಕೋಪ ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿ? ನೀರು ಕಾಯಿಸ್ಬೇಕಿತ್ತು."

"ಅಂದ್ರೆ ನಿಂಗೀಗ ಸಮಾಧಾನವಾ ಅಜ್ಜಿ?"

ದಾರವನ್ನು ಹಲ್ಲಿನಿಂದ ಕಡಿದಳು. "ಇಲ್ಲ" ಎಂದಳು. "ಬಿಟ್ಟುಹೋದ ಅಂತ ನಂಬಿದ್ದೆನಲ್ಲ, ಅದು ಒಳಗೆ ಕೂತುಬಿಟ್ಟಿದೆ. ಈಗ ಪ್ರಾರ್ಥನೆ ಮಾಡಿದ್ರೆ ಖಾಲಿ ಮನೆಗೆ ಫೋನ್ ಮಾಡಿದ ಹಾಗಾಗುತ್ತೆ. ಹೊಡ್ಕೊಳ್ಳುತ್ತೆ, ಹೊಡ್ಕೊಳ್ಳುತ್ತೆ. ಪಾಸ್ಟರಿಗೆ ಹೇಳ್ಬೇಡ."

ಅದನ್ನು ಅವಳ ಒಳಗೆ ಕೂರಿಸಿದವಳು ನಾನು, ನನ್ನ ನಿದ್ದೆ. ಸಾಯುವ ವಯಸ್ಸಿನ ಮುದುಕಿಯ ಆಸ್ತಿಯೆಂದರೆ ಆತ ಬರುವನೆಂಬ ನಂಬಿಕೆಯೊಂದೇ ಇತ್ತು.

ಸೆಪ್ಟೆಂಬರ್ 9, ಮಂಗಳವಾರ

ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೈಗುಳ ಕೇಳಿಸಲಿಲ್ಲವೆಂದು ಹೊರಗೆ ಬಂದು ನೋಡಿದರೆ ತುಟಿ ಕಪ್ಪಿಟ್ಟಿತ್ತು. ಪಾದಗಳು ಊದಿ ಹೊಳೆಯುತ್ತಿದ್ದವು. ಇವರೇ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯ ದಣಿದಿದೆಯಂತೆ. ಔಷಧಿಯಿಂದ ಸ್ವಲ್ಪ ನೀರಿಳಿಸಬಹುದು, ಹೆಚ್ಚೇನೂ ಆಗದು ಎಂದರಂತೆ ಡಾಕ್ಟರು.

ನಾನು ಮಗುವಿನೊಡನೆ ಹೊರಗೆ ಕಾಯುತ್ತ ಕೂತಾಗ ನರ್ಸಮ್ಮ ಕೈಯಾಡಿಸಿ ಕರೆದು ಮಗುವಿನ ತೂಕ ನೋಡಿದಳು. ಏರಿದೆಯಂತೆ. ಏನೋ ಅಂದಳು, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಜ್ಜಿಯ ಚಪ್ಪಲಿ ನನ್ನ ಕೈಯಲ್ಲಿತ್ತು.

ಸೆಪ್ಟೆಂಬರ್ 15, ಸೋಮವಾರ

ಅಜ್ಜಿ ತನ್ನ ಕೋಣೆಗೆ ಮರಳಿದ್ದಾಳೆ. ಮಲಗಲಾಗುವುದಿಲ್ಲ, ಉಸಿರು ಕಟ್ಟುತ್ತದೆ. ಬಟ್ಟೆಯ ಗಂಟುಗಳನ್ನು ಬೆನ್ನಿಗಿಟ್ಟು ಕೂರಿಸಿದ್ದೇವೆ. ಈಗ ಎರಡಕ್ಕೆ ನಾನೇ ಹೋಗುತ್ತೇನೆ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು. ಆಚೆ ಹೊಲಿಗೆ ಯಂತ್ರಗಳ ಸದ್ದು, ಗೋಡೆಯುದ್ದಕ್ಕೂ ಬಣ್ಣಬಣ್ಣದ ಗುಂಡಿಯ ಡಬ್ಬಿಗಳು. ಒಂದು ಡಬ್ಬಿ ಅಲ್ಲಾಡಿಸಿದರೆ ಸೊಂಟದ ಮೇಲಿನವಳು ಅಳು ನಿಲ್ಲಿಸಿ ಕಣ್ಣರಳಿಸುತ್ತಾಳೆ.

ಪಾಸ್ಟರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. "ಅಜ್ಜಿ, ಸಿದ್ಧವಾಗಿದ್ದೀರಲ್ಲ?" ಎಂದರು.

"ಬಟ್ಟೆಯೆಲ್ಲ ರೆಡಿ ಇದೆ ಪಾಸ್ಟರೇ. ಬರೋ ಗಿರಾಕಿಯದೇ ಸುದ್ದಿಯಿಲ್ಲ" ಎಂದಳು. ಅವರು ನಕ್ಕರು. ನಾನು ನಗಲಿಲ್ಲ. ಅವಳ ಕಾವಲಿನ ಗಂಟೆಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದಾಗ ಮಾತ್ರ ಅವಳ ಮುಖ ಕಂಡು, ಇರಲಿ ಬಿಡಿ, ನಿಮ್ಮದೇ ಇರಲಿ ಎಂದರು.

ಸೆಪ್ಟೆಂಬರ್ 18, ಗುರುವಾರ

ಇವತ್ತು ಹೋದಾಗ ಅಜ್ಜಿಗೆ ಪೂರ್ತಿ ಎಚ್ಚರವಿರಲಿಲ್ಲ. ಬೆರಳುಗಳು ಹೊದಿಕೆಯ ಅಂಚಿನಲ್ಲಿ ಇಲ್ಲದ ಗುಂಡಿಯನ್ನು ಹಾಕುತ್ತಿದ್ದವು, ಬಿಚ್ಚುತ್ತಿದ್ದವು.

ಒಂದು ಸಲ ಕಣ್ಣು ತೆರೆದಳು. "ಎಲ್ರೂ ಹೋದ್ರಾ?"

"ಇಲ್ಲಜ್ಜಿ. ನಾನಿದ್ದೀನಿ."

"ನಿನ್ನನ್ನೂ ಬಿಟ್ನಾ?"

ಏನು ಹೇಳಬೇಕಿತ್ತು? ಆತ ಇಲ್ಲೇ ಇದ್ದಾನೆ, ನಿನ್ನ ಕೈ ಹಿಡಿದಿದ್ದಾನೆ, ಕಾಣುತ್ತಿಲ್ಲವೇ ಎಂದು ಪಾಸ್ಟರ್ ಆಗಿದ್ದರೆ ಹೇಳುತ್ತಿದ್ದರು. ಆದರೆ ಅವಳ ಕೈ ಹಿಡಿದಿದ್ದವಳು ನಾನು. ಇನ್ನೊಂದು ಕೈಯ ಬೆರಳನ್ನು ಮಗು ಹಿಡಿದಿದ್ದಳು, ಬಾಯಿಗೆ ಹಾಕಿಕೊಳ್ಳಲು ಎಳೆಯುತ್ತಿದ್ದಳು.

"ಹೂಂ ಅಜ್ಜಿ" ಎಂದೆ. "ನಾವೂ ಇಲ್ಲೇ ಇದ್ದೀವಿ."

ಅದಕ್ಕವಳು ತಲೆಯಾಡಿಸಿದಳು. "ನೀರು ಕಾಯ್ಸು" ಎಂದಳು. ಆಮೇಲೆ ಮಾತಾಡಲಿಲ್ಲ.

ನಿಜವಾಗಿಯೂ ನೀರು ಕಾಯಿಸಿದೆ. ಮಗುವಿನ ಬಾಟಲಿಗೆ ಹಾಕಿ, ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿಸಿ ಬಿಸಿ ನೋಡಿ, ಕುಡಿಸಿದೆ. ಕುಡಿದು ಮುಗಿಸುವಷ್ಟರಲ್ಲಿ ಬೆನ್ನ ಹಿಂದಿನ ಉಸಿರು ನಿಂತಿತ್ತು. ಬಟ್ಟೆಯ ಗಂಟಿಗೊರಗಿ, ಬಾಯಿ ಸ್ವಲ್ಪ ತೆರೆದು. ಮುಖದಲ್ಲಿ ಬೆಳಕೇನೂ ಇರಲಿಲ್ಲ. ಯಾರೂ ಬಂದಂತಿರಲಿಲ್ಲ. ಆಚೆ ಯಂತ್ರಗಳು ಓಡುತ್ತಲೇ ಇದ್ದವು.

ಅಂಗಡಿಯವರನ್ನು ಕರೆಯಬೇಕಿತ್ತು, ಇವರಿಗೆ ತಿಳಿಸಬೇಕಿತ್ತು. ಏಳುವಷ್ಟರಲ್ಲಿ ಅವಳ ದಿಂಬಿನ ಪಕ್ಕ ಫೋನ್ ಬಡಿದುಕೊಂಡಿತು. ಮೂರು ಗಂಟೆ. ಮಗುವನ್ನೆತ್ತಿಕೊಂಡು ಎದ್ದು ನಿಂತೆ. ಯಾಕೋ ಸೆರಗು ಸರಿ ಮಾಡಿಕೊಂಡೆ.

"ಎಚ್ಚರವಾಗಿದ್ದೀರಾ?" ಎಂದಿತು ಆ ಕಡೆಯ ದನಿ. ಎರಡರ ಕಾವಲು ಈಗ ವಹಿಸಿಕೊಂಡಿರುವ ಕಸ ಗುಡಿಸುವವಳದು, ಅವಸರದ ದನಿ.

"ಎಚ್ಚರವಾಗಿದ್ದೇವೆ" ಎಂದೆ.

ಅವಳು ಇಟ್ಟುಬಿಟ್ಟಳು. ಅಜ್ಜಿಯ ಗಂಟೆ ಮುಗಿಯುವವರೆಗೆ ಅಲ್ಲೇ ಕೂತಿದ್ದೆವು. ಆಮೇಲೆ ಮುಂದಿನ ಮನೆಗೆ ಫೋನ್ ಮಾಡಿದೆ. ಎಲ್ಲರನ್ನೂ ಕರೆದದ್ದು ಅದಾದ ಮೇಲೆ. ಯಾಕಿಷ್ಟು ತಡ ಎಂದು ಇವರು ಕೇಳಿದರು.

ಸೆಪ್ಟೆಂಬರ್ 22, ಸೋಮವಾರ

ಶುಕ್ರವಾರ ಅಜ್ಜಿಯನ್ನು ಅವನಿರುವ ಸಾಲಿನಲ್ಲೇ ಮಣ್ಣು ಮಾಡಿದರು. ಅವನ ಗುಡ್ಡೆ ಕುಸಿದು ನೆಲಕ್ಕೆ ಸಮನಾಗಿದೆ. ಗೊತ್ತಿರದಿದ್ದರೆ ಯಾರಾದರೂ ತುಳಿದುಕೊಂಡು ಹೋಗುತ್ತಾರೆ. ತುತ್ತೂರಿಯ ಧ್ವನಿಗೆ ಇವರೆಲ್ಲ ಏಳುವರೆಂದು ಪಾಸ್ಟರ್ ಹೇಳಿದರು. ಆಮೆನ್ ಎಂದೆ. ನಂಬಿದ್ದೇನೆಯೇ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ನಿದ್ದೆಯಿಲ್ಲ. ಆತ ಇವತ್ತೂ ಬರಲಿಲ್ಲ.

ಹೊರಗೆ ಹಾಕಿದ ಬಟ್ಟೆಯೆಲ್ಲ ಹಸಿಯಿತ್ತು. ಚೀಲದಲ್ಲಿದ್ದ ನೀಲಿ ದಾರದ ಅಂಗಿ ಮಗಳಿಗೆ ಹಾಕಿದೆ. ಬೆನ್ನ ಮೇಲೆ ಬಿಗಿಯುತ್ತದೆ, ಮೇಲಿನ ಗುಂಡಿ ಕಾಜಾಕ್ಕೆ ತಲುಪುವುದಿಲ್ಲ. ಬಿಚ್ಚಿ, ಗುಂಡಿಯನ್ನು ಅಂಚಿಗೆ ಸರಿಸಿ ಹಚ್ಚಿದೆ. ಇನ್ನೊಂದು ತಿಂಗಳು ಬರಬಹುದು.